ಗದ್ದೆಗೆ ಬಂದ ಬೀಗರು

“ಇವ್ರ ಕಾಗದಪತ್ರ ಎಲ್ಲಿ ಅದಾವ್ರಿ?” ಕುರ್ಡಿ ಊರಿನ ನಮ್ಮ ಗದ್ದೆಯ ಬದುವಿನ ಮೇಲೆ ನಿಂತು ಪೊಲೀಸಪ್ಪ ಕೇಳಿದ. ಕೆಸರಿನಲ್ಲಿ ಭತ್ತದ ನಾಟಿ ಮಾಡುತ್ತಿದ್ದವರು ಬಂಗಾಳಿ ಮಾತಾಡುವ ಕೂಲಿಗಳು. ಗಡಿಯ ಆಚೆಯವರೋ ಈಚೆಯವರೋ, ನಾವು ಕೇಳಿರಲಿಲ್ಲ. ಇಂಥವರನ್ನು ಒದ್ದು ಓಡಿಸಬೇಕೆಂದು ಹಿಂದಿನ ದಿನವಷ್ಟೇ ಚಹಾದ ಹೋಟೆಲಿನಲ್ಲಿ ಕೂಗಾಡಿದ್ದ ನಮ್ಮ ಕಾಕಾ ಮುಂದೆ ಬಂದರು.

“ಇವ್ರು ನಮ್ಮ ಬೀಗರು ರೀ, ಸಾಹೇಬ್ರ.”

ಪೊಲೀಸಪ್ಪ ಕೆಸರಿನಲ್ಲಿ ಬಾಗಿದ್ದ ಬೀಗರನ್ನು ನೋಡಿದ. ನಾಟಿಯಾಗದೆ ಉಳಿದಿದ್ದ ಗದ್ದೆಯನ್ನೂ ನೋಡಿದ.

“ಹಂಗಾರ ನಿಮ್ಮದು ಮುಗಿದ ಮ್ಯಾಲೆ ಬೀಗರನ್ನ ಕಲ್ಲೂರಾಗಿನ ನಮ್ಮ ಗದ್ದಿಗೂ ಕಳಸ್ರಿ. ಅಲ್ಲಿ ಆಳು ಸಿಗವಲ್ರು.”

ಬೀಗರು ಬಂದರೆ ನಮ್ಮ ಮನೆಯಲ್ಲಿ ಹೋಳಿಗೆ ಆಗಲೇಬೇಕು. ಅವತ್ತು ಮಧ್ಯಾಹ್ನ ಕಾಕಾ, ನಾನು ಉಣ್ಣಲು ಮನೆಗೆ ಹೋದೆವು. ಬೀಗರು ಬದುವಿನ ಮೇಲೆ ಕೂತು, ತಾವೇ ಕಟ್ಟಿಕೊಂಡು ಬಂದಿದ್ದ ತಂಗಳನ್ನ ಉಂಡರು.