ಎಳ್ಳಮಾಸಿಯ ದಿನ ಚಂದ್ರಿ ಅಳಲಿಲ್ಲ

ನಮ್ಮ ಬೀದರ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಆ ಚಳಿಗಾಲ ಎಂದರೆ ನನಗೆ ಮೊದಲು ನೆನಪಾಗುವುದು ಎಡಗಡೆಯ ಸೊಂಟದ ನೋವು. ತಂಗಿಯನ್ನೋ ತಮ್ಮನನ್ನೋ ಹೊತ್ತುಕೊಂಡೇ ಬೆಳೆದವರು ನಿಮ್ಮಲ್ಲಿ ಇದ್ದರೆ ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೂಸನ್ನು ಕೆಳಗೆ ಇಳಿಸಿದ ಮೇಲೂ ಸೊಂಟ ಓರೆಯಾಗಿಯೇ ಇರುತ್ತದೆ. ರವಿಕೆಗೆ ಹಾಲಿನ, ಜೊಲ್ಲಿನ ಹುಳಿ ವಾಸನೆ ಅಂಟಿಕೊಂಡಿರುತ್ತದೆ.

ನಮ್ಮದು ಔರಾದ ಹತ್ತಿರದ ಹಳ್ಳಿ. ಕುರಿ ಸಾಕುವ ಮನೆತನ. ಸುಗ್ಗಿ ಹತ್ತಿರ ಬಂತೆಂದರೆ ಅಪ್ಪ ಹಿಂಡು ಹೊಡೆದುಕೊಂಡು ಮಾಂಜ್ರಾ ಹೊಳೆಯ ಕಡೆಗೆ ಹೋಗುತ್ತಿದ್ದ. ಅವ್ವ ಬೆಳಗಾಗುವ ಮುಂಚೆ ರೊಟ್ಟಿ ಬಡಿದಿಟ್ಟು ಹೊಲಕ್ಕೆ ಹೋಗುತ್ತಿದ್ದಳು. ಓಣಿಯ ಹುಡುಗಿಯರೆಲ್ಲ ಹಸಿ ಕಡಲೆ ಕೀಳಲು, ಎಳೆ ಜೋಳದ ತೆನೆಯ ಸೀತನಿ ಸುಡಲು ಹೊಲ ಸೇರುತ್ತಿದ್ದರು. ದಿನವಿಡೀ ಮನೆಯಲ್ಲಿ ಉಳಿಯುತ್ತಿದ್ದವರು ನಾನು ಮತ್ತು ತಂಗಿ ಚಂದ್ರಿ. ಅವಳು ಆಗಷ್ಟೇ ತಪ್ಪು ಹೆಜ್ಜೆ ಇಡುತ್ತಿದ್ದಳು. ಮಾತಾಡಬೇಕೆಂದರೆ ನನಗೆ ಅವಳೇ. ಅವಳಿಗೆ ಬರುತ್ತಿದ್ದ ಮಾತು ‘ಅಕ್ಕಾ’ ಒಂದೇ.

ಚಂದ್ರಿ ಯಾರ ಬಳಿಗೂ ಹೋಗುತ್ತಿರಲಿಲ್ಲ. ಅವ್ವನ ಹತ್ತಿರ ಹೋಗುವುದೂ ಹಾಲು ಕುಡಿಯಲು ಮಾತ್ರ. ಬೇರೆ ಯಾರಾದರೂ ಕೈ ಚಾಚಿದರೆ ಮೈಯೆಲ್ಲ ಬಿಲ್ಲಿನಂತೆ ಬಗ್ಗಿಸಿ ಚೀರುತ್ತಿದ್ದಳು. ಅವಳು ರಂಪ ಹಿಡಿದಾಗ ನಾನು ಬಾಗಿಲ ಹಿಂದೆ ಅಡಗಿ, ಅಪ್ಪ ಮರಿಗಳನ್ನು ಕರೆಯುವಂತೆ ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದೆ. ಥಟ್ಟನೆ ಅಳು ನಿಲ್ಲುತ್ತಿತ್ತು. ನಗುತ್ತಾ, ಎಡವುತ್ತಾ, ಸದ್ದು ಬಂದ ಕಡೆಗೆ ಬಂದು ನನ್ನನ್ನು ಹುಡುಕುತ್ತಿದ್ದಳು. ಅದು ನಮ್ಮಿಬ್ಬರ ಆಟ. ನೋಡಲು ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ.

ಆ ವರ್ಷ ನಮ್ಮ ಊರಿನ ಚಾವಡಿಯಲ್ಲಿ ಕನ್ನಡ ಸಾಲಿ ಶುರುವಾಯಿತು. ಧಾರವಾಡ ಕಡೆಯ ಮಾಸ್ತರು ಬಂದಿದ್ದರು. ಹುಡುಗಿಯರೂ ಬರಬಹುದು ಎಂದು ಮನೆಮನೆಗೆ ಹೇಳಿಹೋದರು. ನಾನು ಚಂದ್ರಿಯನ್ನು ಎತ್ತಿಕೊಂಡೇ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತೆ. ಮಾಸ್ತರು ನನ್ನ ಪಾಟಿಯ ಮೇಲೆ ಬರೆದುಕೊಟ್ಟ ‘ಅ’ವನ್ನು ಚಂದ್ರಿ ನೆಕ್ಕಿ ಅಳಿಸಿದಳು. ಇನ್ನೊಂದು ಬರೆದುಕೊಟ್ಟರು. ಅದರ ಮೇಲೆ ಉಚ್ಚೆ ಹೊಯ್ದಳು.

“ಏನವಾ, ಈಕೀ ಹೆಸರೂ ಹಚ್ಚೇಬಿಡ್ಲೇನು?” ಎಂದರು ಮಾಸ್ತರು. ಹುಡುಗರೆಲ್ಲ ಬಿದ್ದು ಬಿದ್ದು ನಕ್ಕರು. ಆಮೇಲೆ ಅವರು ಮೆಲ್ಲಗೆ, “ಕೂಸಿನ್ನ ಮನ್ಯಾಗ ಬಿಟ್ಟು ಬಾ” ಎಂದರು.

ಅವ್ವನಿಗೆ ಹೇಳಿದೆ. “ಕೂಸು ದೊಡ್ಡದಾಗಲಿ ತಡಿ. ಸಾಲಿ ಎಲ್ಲಿ ಓಡಿ ಹೋಗ್ತದ?” ಎಂದಳು.

ಕೂಸು ದೊಡ್ಡದಾಗುವಷ್ಟರಲ್ಲಿ ನಾನೂ ದೊಡ್ಡವಳಾಗುತ್ತೇನೆ, ದೊಡ್ಡವಳಾದ ಹುಡುಗಿಯನ್ನು ಯಾರೂ ಸಾಲಿಗೆ ಕಳಿಸುವುದಿಲ್ಲ. ಅಷ್ಟು ನನಗೆ ಆಗಲೇ ತಿಳಿದಿತ್ತು.

ಹೊಲ ಪೂಜಿಸುವ ಎಳ್ಳಮಾವಾಸ್ಯೆ, ನಮ್ಮ ಎಳ್ಳಮಾಸಿ, ಹತ್ತಿರ ಬಂದಾಗ ಉದಗೀರ ಕಡೆಯಿಂದ ಮೌಶಿ ಬಂದಳು. ಅವ್ವನ ಸ್ವಂತ ತಂಗಿ. ಮದುವೆಯಾಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮೊದಲು ಅವಳ ಊರೂ ನಮ್ಮ ಬೀದರ ಜಿಲ್ಲೆಯದೇ. ಈಗ ಅದು ಮುಂಬೈ ರಾಜ್ಯದ ಪಾಲಾಗಿತ್ತು. ಹಬ್ಬಕ್ಕೆಂದು ಹಿಂಡಿನೊಂದಿಗೆ ಮರಳಿದ್ದ ಅಪ್ಪ, “ಇನ್ನ ನೀ ಪರದೇಸದಾಕಿ ಆದಿ ನೋಡವ್ವಾ” ಎಂದು ಚೇಷ್ಟೆ ಮಾಡಿದ.

“ಹಂಗಾದ್ರ ಪರದೇಸಕ್ಕ ಒಂದು ಕೂಸು ಕೊಟ್ಟು ಕಳಸ್ರಿ ಭಾವಾ” ಎಂದಳು ಮೌಶಿ.

ಎಲ್ಲರೂ ನಕ್ಕರು. ಮೌಶಿ ನಗಲಿಲ್ಲ. ಮರುದಿನ, ಹಬ್ಬದ ಭಜ್ಜಿ ಪಲ್ಯಕ್ಕೆಂದು ತೊಗರಿಕಾಯಿ, ಅವರೆಕಾಯಿ ಸುಲಿಯುತ್ತಾ ಕುಳಿತಾಗ ಅವ್ವನ ಕೈ ಹಿಡಿದು ಬಾಯಿ ಬಿಟ್ಟು ಕೇಳಿದಳು. ಹೆಣ್ಣಾದರೂ ಆಗಲಿ, ಹೊಟ್ಟೆಯಲ್ಲಿ ಹುಟ್ಟಿದವಳಂತೆ ಸಾಕುತ್ತೇನೆ, ಚಂದ್ರಿಯನ್ನು ಕೊಡು ಎಂದಳು. ಅವ್ವ ಕೈ ಬಿಡಿಸಿಕೊಂಡು ಮತ್ತೆ ಕಾಯಿ ಸುಲಿಯತೊಡಗಿದಳು. ಬೆನ್ನಿಗೆ ಬಿದ್ದ ತಂಗಿಗೆ ಇಲ್ಲ ಎನ್ನುವುದು ಹೇಗೆ? ಕೊನೆಗೆ ಒಂದು ಮಾತು ಕಟ್ಟಿದಳು.

“ಎಳ್ಳಮಾಸಿ ದಿನ ಹೊಲದಾಗ ಕೂಸಿಗಿ ಕೆಳಗ ಬಿಡ್ತೀನಿ. ತಾನಾಗಿ ನಿನ್ನ ಉಡಿಯಾಗ ಬಂದು ಕುಂತರ ಒಯ್ಯಿ. ಅತ್ತರ ಬ್ಯಾಡ. ದೇವರ ಮುಂದ ಹೇಳ್ತೀನಿ.”

ಮೌಶಿ ಒಪ್ಪಿದಳು. ಅವಳು ಹೊರಗೆ ಹೋದ ಮೇಲೆ ಅವ್ವ ನನ್ನತ್ತ ನೋಡಿ ಸಣ್ಣಗೆ ನಕ್ಕಳು. “ಅಕಿ ಹೋಗಂಗಿಲ್ಲ ಬಿಡು. ನನ್ನ ಕೂಸು ನನಗ ಗೊತ್ತದ.”

ಹಬ್ಬದ ದಿನ ಎಲ್ಲರೂ ಹೊಲಕ್ಕೆ ಹೋದೆವು. ಜೋಳದ ದಂಟಿನ ಹೊರೆಗಳನ್ನು ಒಂದಕ್ಕೊಂದು ಆನಿಸಿ ಅಪ್ಪ ಕೊಂಪಿ ಕಟ್ಟಿದ್ದ. ಒಳಗೆ ಸುಣ್ಣ ಬಳಿದ ಐದು ಕಲ್ಲುಗಳು, ನಮ್ಮ ಪಾಂಡವರು. ಅವರ ಮುಂದೆ ಅಂಬಲಿಯ ಗಡಿಗೆ, ದೀಪ. ಮಜ್ಜಿಗೆಯಲ್ಲಿ ಹುಳಿಬಂದ ಜೋಳದ ಹಿಟ್ಟಿಗೆ ಬಿದ್ದ ಬೆಳ್ಳುಳ್ಳಿಯ ವಾಸನೆ ಬದುವಿನವರೆಗೂ ಹರಡಿತ್ತು. ಅಪ್ಪ ಬೇವಿನ ಸೊಪ್ಪಿನಿಂದ ಅಂಬಲಿ ಚಿಮುಕಿಸುತ್ತಾ, ಕೂಗುತ್ತಾ ಹೊಲ ಸುತ್ತಿ ಬಂದ. ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಉಂಡು ಎಲ್ಲರೂ ಬಿಸಿಲಿಗೆ ಮೈಯೊಡ್ಡಿ ಕುಳಿತರು. ಮೌಶಿ ಕೊಂಪಿಯ ಹಿಂಬದಿಗೆ ಬೆನ್ನು ಆನಿಸಿ ಕುಳಿತಿದ್ದಳು. ಅವ್ವ ಅವಳೆದುರಿಗೆ, ಒಂದು ಮಾರು ದೂರದಲ್ಲಿ.

“ಮಾಳಿಗಿ ಒಳಗ ಕಳಸಕ್ಕಾ” ಎಂದಳು ಮೌಶಿ. ಮಾಳಿ ಎಂದರೆ ನಾನು. “ಅಕಿ ಎದುರಿಗಿ ಇದ್ದರ ಕೂಸು ಅಕಿ ಕಡಿಗೇ ಓಡ್ತದ.”

ನಾನು ಸುತ್ತಿ ಹೋಗಿ ಕೊಂಪಿಯೊಳಗೆ ಪಾಂಡವರ ಬಳಿ ಕುಳಿತೆ. ಮೌಶಿಯ ಬೆನ್ನಿಗೂ ನನಗೂ ನಡುವೆ ಬರಿಯ ದಂಟು. ಸಂದಿಯಲ್ಲಿ ಕಣ್ಣಿಟ್ಟರೆ ಎಲ್ಲ ಕಾಣುತ್ತಿತ್ತು. ಅವ್ವ ಚಂದ್ರಿಯನ್ನು ನೆಲಕ್ಕೆ ಬಿಟ್ಟಳು. ಮೌಶಿ ಸೆರಗು ಹರವಿ, “ಬಾ ನನ್ನವ್ವಾ, ಬಾ” ಎಂದಳು. ಚಂದ್ರಿ ಅವ್ವನ ಮೊಣಕಾಲು ಹಿಡಿದುಕೊಂಡು ತುಟಿ ಚಾಚಿದಳು. ಇನ್ನೇನು ಅಳುತ್ತಾಳೆ. ಅವ್ವನ ಮುಖ ಸಡಿಲಾಗುತ್ತಿರುವುದು ಸಂದಿಯಿಂದಲೇ ನನಗೆ ಕಂಡಿತು.

ಆಗ ನಾನು ನಾಲಿಗೆಯಿಂದ ಟಕ್ ಟಕ್ ಎಂದು ಸದ್ದು ಮಾಡಿದೆ.

ಬದುವಿನ ಆಚೆ ಅಪ್ಪನ ಕುರಿಗಳು ಇದ್ದವು. ಅಂಥ ಸದ್ದು ಅಲ್ಲಿ ಯಾರಿಗೂ ಹೊಸದಲ್ಲ, ಯಾರೂ ಕಿವಿಗೊಡಲಿಲ್ಲ. ಚಂದ್ರಿ ಕಿವಿಗೊಟ್ಟಳು. ತುಟಿ ಒಳಗೆ ಹೋಯಿತು. ಇನ್ನೊಮ್ಮೆ ಮಾಡಿದೆ. ಅವಳು ಅವ್ವನ ಮೊಣಕಾಲು ಬಿಟ್ಟಳು. ನಗುತ್ತಾ, ಎರಡೂ ಕೈ ಮುಂದೆ ಮಾಡಿ, ಎಡವುತ್ತಾ ನೇರವಾಗಿ ಬಂದು ಮೌಶಿಯ ಉಡಿಯಲ್ಲಿ ಬಿದ್ದಳು. ಅವಳ ಹೆಗಲ ಮೇಲಿಂದ ಕತ್ತು ಚಾಚಿ ದಂಟುಗಳ ಸಂದಿಯಲ್ಲಿ ನನ್ನನ್ನು ಹುಡುಕಿದಳು. “ಅಕ್ಕಾ” ಎಂದಳು.

“ನೋಡು, ನನಗೇ ಅಕ್ಕಾ ಅಂತಾಳ” ಎಂದು ಮೌಶಿ ಅವಳನ್ನು ಅವುಚಿಕೊಂಡಳು. ಮೌಶಿಗೆ ಸದ್ದು ಕೇಳಿಸಿರಲೇಬೇಕು. ನನ್ನ ಉಸಿರು ತಾಗುವಷ್ಟು ಹತ್ತಿರವಿದ್ದಳು. ಆದರೆ ಹಿಂದೆ ತಿರುಗಲಿಲ್ಲ.

ಕೂಸನ್ನು ಹಿಡಿದುಕೊಳ್ಳಲು ಅವ್ವ ಚಾಚಿದ್ದ ಕೈ ಹಾಗೇ ಇತ್ತು. ಆಮೇಲೆ ಎದ್ದು ಖಾಲಿ ಗಡಿಗೆಗಳನ್ನು ಬುಟ್ಟಿಗೆ ತುಂಬತೊಡಗಿದಳು.

ಮರುದಿನ ಮುಂಜಾನೆ ಕೂಸು ನಿದ್ದೆಯಲ್ಲಿರುವಾಗಲೇ ಬಂಡಿ ಕಮಲನಗರದ ಸ್ಟೇಶನ್ನಿಗೆ ಹೊರಟಿತು. ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ. ಎಚ್ಚರಾದ ಮೇಲೆ ಚಂದ್ರಿ ಅತ್ತಿರಲೇಬೇಕು, ಸ್ಟೇಶನ್ನಿನಲ್ಲೋ, ರೈಲಿನಲ್ಲೋ. ಅದನ್ನು ಯಾರೂ ನಮಗೆ ಬಂದು ಹೇಳಲಿಲ್ಲ.

ನಾನು ಬರಿಗೈಯಲ್ಲಿ ಸಾಲಿಗೆ ಹೋದೆ. ಪಾಟಿಯ ಮೇಲೆ ಬರೆದ ಅಕ್ಷರ ಸಂಜೆಯವರೆಗೂ ಹಾಗೇ ಉಳಿಯುತ್ತಿತ್ತು. ಮನೆಗೆ ಬಂದರೆ ಮಾತಾಡಲು ಯಾರೂ ಇರುತ್ತಿರಲಿಲ್ಲ. ಒಂದು ಸಂಜೆ ಗೊತ್ತಿಲ್ಲದೆ ಬಾಗಿಲ ಹಿಂದೆ ನಿಂತು ನಾಲಿಗೆ ಟಕ್ ಅನ್ನಿಸಿದೆ. ಹೊಲದಿಂದ ಬಂದ ಅವ್ವ ಅಂಗಳದಲ್ಲೇ ನಿಂತುಬಿಟ್ಟಳು. “ಯಾರು ಮಾಡ್ಲತ್ತಾರದು?” ಎಂದಳು. ನಾನು ಉಸಿರು ಬಿಗಿಹಿಡಿದೆ. ಅವತ್ತು ಹೇಳಿಬಿಡಬಹುದಿತ್ತು. ಬಂಡಿ ಹೂಡಿ ಹೋಗಿ ಕರೆತರುತ್ತಿದ್ದಳು. ಆದರೆ ಕರೆತಂದರೆ ಸಾಲಿ ಹೋಗುತ್ತಿತ್ತು.

ಸಾಲಿ ಎರಡೇ ವರ್ಷಕ್ಕೆ ಮುಗಿಯಿತು. ಆಮೇಲೆ ನಾನು ಕುರಿಗಳ ಹಿಂದೆ, ಆಮೇಲೆ ಗಂಡನ ಮನೆಗೆ. ಅವ್ವ ಮಾತ್ರ ಬದುಕಿರುವವರೆಗೂ ಎಳ್ಳಮಾಸಿ ಬಂದರೆ ಬುತ್ತಿ ಕಟ್ಟಿಕೊಡುತ್ತಿದ್ದಳು, ಹೊಲಕ್ಕೆ ಬರುತ್ತಿರಲಿಲ್ಲ. ಯಾರಾದರೂ ಕರೆದರೆ, “ನನ್ನ ಕೂಸು ನನಗ ಗೊತ್ತದ ಅಂತಿದ್ದೆ. ಅಕಿಗಿ ನಾ ಬ್ಯಾಡಾಗಿದ್ದೆ” ಎನ್ನುತ್ತಿದ್ದಳು. ಹಬ್ಬಕ್ಕೆ ತವರಿಗೆ ಬಂದ ನಾನು ಆ ಮಾತು ಕೇಳುತ್ತಾ ಬುಟ್ಟಿ ಎತ್ತಿಕೊಂಡು ಹೋಗುತ್ತಿದ್ದೆ.

ಈಗ ನಮ್ಮ ಕಡೆ ಎಳ್ಳಮಾಸಿಗೆ ಜನ ಜೀಪು, ಮೋಟಾರ್ ಸೈಕಲ್ಲಿನಲ್ಲಿ ಹೊಲಕ್ಕೆ ಬರುತ್ತಾರೆ. ಹಬ್ಬ ಇದೆ, ಅಂಬಲಿ ಇದೆ, ಹೊಲವೂ ಇದೆ. ಒಂದು ಮನೆಯ ಇಬ್ಬರು ಅಕ್ಕತಂಗಿಯರಿಗೆ ಒಂದು ಭಾಷೆ ಇಲ್ಲದ ಹಾಗಾಯಿತು. ಚಂದ್ರಿ ಅಲ್ಲಿ ಚಂದ್ರಕಲಾ ಆದಳು. ಮರಾಠಿ ಸಾಲಿ ಕಲಿತಳು. ವರ್ಷಕ್ಕೋ ಎರಡು ವರ್ಷಕ್ಕೋ ಬಂದರೆ ನೆಂಟಳಂತೆ ಚಾಪೆಯ ಅಂಚಿಗೆ ಕುಳಿತು ಚಹಾ ಕುಡಿದು ಹೋಗುತ್ತಿದ್ದಳು.

ಅವ್ವ ತೀರಿದಾಗ ಬಂದಿದ್ದಳು. ಮಣ್ಣು ಮಾಡಿ ಬಂದ ಮೇಲೆ ನನ್ನ ಪಕ್ಕದಲ್ಲಿ ಕುಳಿತು, ಮುರಿದ ಕನ್ನಡದಲ್ಲಿ ಕೇಳಿದಳು:

“ಅಕ್ಕಾ, ಖರೆ ಹೇಳು. ನಾ ಅವತ್ತು ಒಂದಿಷ್ಟೂ ಅಳಲಿಲ್ಲೇನು? ಆಯಿ ಹೇಳ್ತಿದ್ದಳು, ನಗ್ತಾ ಬಂದು ಉಡಿಯಾಗ ಕುಂತಿ ಅಂತ.”

ಆಯಿ ಎಂದರೆ ಅವಳಿಗೆ ಮೌಶಿ. “ಇಲ್ಲವ್ವಾ. ನೀ ಅಳಲಿಲ್ಲ” ಎಂದೆ.

“ಹಂಗಾದ್ರ ನಾನೇ ಬಿಟ್ಟು ಹೋದಾಕಿ” ಎಂದು ಅವಳು ಅವ್ವ ಮಲಗುತ್ತಿದ್ದ ಮೂಲೆಯ ಕಡೆ ನೋಡುತ್ತಾ ಕುಳಿತಳು.

ಅಂಗಳದಲ್ಲಿ ಜನ ಇದ್ದಾರೆ, ಆಮೇಲೆ ಹೇಳೋಣ ಎಂದುಕೊಂಡೆ. ಜನ ಹೋದರು. ಸಂಜೆಯ ಬಸ್ಸಿಗೆ ಅವಳೂ ಹೋದಳು. ಆ ಎರಡು ವರ್ಷದಲ್ಲಿ ಕಲಿತ ಅಕ್ಷರ ಕೂಡಿಸಿ ಕೂಡಿಸಿ ಇಷ್ಟನ್ನು ಈಗ ಬರೆದಿದ್ದೇನೆ. ಚಂದ್ರಿಗೆ ಕನ್ನಡ ಓದಲು ಬರುವುದಿಲ್ಲ.