ಒಗ್ಗರಣೆ ಇಲ್ಲದ ಸಾರು

೧೯೯೮ರಲ್ಲಿ ನಾನು ಶಿವಮೊಗ್ಗದ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಡಯಟೀಷಿಯನ್ ಆಗಿದ್ದೆ. ಯಾವ ರೋಗಿ ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂದು ಹೇಳುವುದು ನನ್ನ ಕೆಲಸ. ಆಗ ನಮ್ಮೂರಿನಲ್ಲಿ ಅದನ್ನು ಯಾರೂ ಕೆಲಸವೆಂದೇ ಒಪ್ಪುತ್ತಿರಲಿಲ್ಲ. "ಊಟ ಮಾಡೋದನ್ನ ಹೇಳಿಕೊಡೋಕೂ ಒಬ್ಬರು ಬೇಕಾ?" ಎಂದು ಮುಖಕ್ಕೇ ಕೇಳುತ್ತಿದ್ದರು. ನಾನೂ ಸುಮ್ಮನಿರುವವಳಲ್ಲ. "ಗೊತ್ತಿದ್ದಿದ್ರೆ ಇಲ್ಲಿಗ್ಯಾಕೆ ಬರ್ತಿದ್ರಿ?" ಎನ್ನುತ್ತಿದ್ದೆ.

ಆ ವರ್ಷ ನಮ್ಮ ಸರ್ಜನ್ ನನ್ನ ಬಳಿಗೆ ಕಳಿಸಿದವರು ಭದ್ರಾವತಿ ಓಲ್ಡ್ ಟೌನಿನ ರುದ್ರೇಗೌಡರು. ಮಾಚೇನಹಳ್ಳಿಯ ಫೌಂಡ್ರಿಯೊಂದರಲ್ಲಿ ಸೂಪರ್‌ವೈಸರ್. ವಯಸ್ಸು ನಲವತ್ತಾರು, ತೂಕ ನೂರಾ ಎಂಟು ಕೆ.ಜಿ. ಹೊಕ್ಕುಳಿನ ಬಳಿ ಹರ್ನಿಯಾ, ಅಂದರೆ ಹೊಟ್ಟೆಯ ಗೋಡೆ ಸಡಿಲವಾಗಿ ಕರುಳು ಹೊರಗೆ ಉಬ್ಬುವ ತೊಂದರೆ. ಆಪರೇಷನ್ ಆಗಲೇಬೇಕಿತ್ತು, ಆದರೆ ಆ ತೂಕದಲ್ಲಿ ಅರಿವಳಿಕೆ ಕೊಡುವುದು ಅಪಾಯ, ಹೊಲಿಗೆಯೂ ನಿಲ್ಲುವುದಿಲ್ಲ.

"ತೊಂಬತ್ತೈದಕ್ಕೆ ಇಳಿಸಿ ಕೊಡಿ, ಮಾಡ್ತೀನಿ. ಅಷ್ಟರಲ್ಲಿ ಕರುಳು ಸಿಕ್ಕಿಹಾಕಿಕೊಂಡ್ರೆ ಉಳಿಸೋದು ಕಷ್ಟ" ಎಂದರು ಸರ್ಜನ್.

ಗೌಡರು ನನ್ನೆದುರು ಕೂತ ಕೂಡಲೇ, "ಸೇಬು ಗೀಬು ಅಂದ್ರೆ ನಮ್ಮ ಕೈಲಾಗಲ್ಲ ಮೇಡಂ" ಎಂದರು.

"ಸೇಬು ಯಾರಿಗೆ ಬೇಕು ಮಾರಾಯ್ರೆ, ಸೀಬೆ ತಿನ್ನಿ" ಎಂದೆ. ಅವರು ಹೊಟ್ಟೆ ಹಿಡಿದುಕೊಂಡೇ ನಕ್ಕರು.

ಸಂತೆಯಲ್ಲಿ ಅಗ್ಗಕ್ಕೆ ಸಿಗುವುದನ್ನೇ ಹೇಳಿದೆ. ಅನ್ನದ ಗುಡ್ಡೆಯ ಬದಲು ಸಣ್ಣದೊಂದು ರಾಗಿಮುದ್ದೆ, ಹುರುಳಿಕಾಳಿನ ಬಸ್ಸಾರು, ಸೊಪ್ಪು, ಸೌತೆಕಾಯಿ, ನೀರುಮಜ್ಜಿಗೆ. ಅವರ ಮನೆಯಲ್ಲಿ ಒಗ್ಗರಣೆಗೆ ಸೌಟಿನ ತುಂಬ ಎಣ್ಣೆ ಹಾಕುತ್ತಿದ್ದರಂತೆ, ಅದೂ ಹೊತ್ತುಹೊತ್ತಿಗೂ. ಹಾಗಾಗಿ ಒಗ್ಗರಣೆಯನ್ನು ಪೂರ್ತಿ ಬಿಡಲು ಹೇಳಿದೆ.

ಎರಡು ತಿಂಗಳಾದರೂ ತೂಕದ ಮುಳ್ಳು ಅಲುಗಲಿಲ್ಲ. ನನಗೆ ರೇಗಿಹೋಯಿತು. ಭದ್ರಾವತಿಯಲ್ಲಿ ಕೆಲಸವಿದ್ದ ಒಂದು ದಿನ ನೇರ ಅವರ ಮನೆಗೇ ಹೋದೆ. ಒಲೆಯ ಮುಂದೆ ಗೌಡರ ತಾಯಿ ಹಾಲಮ್ಮ ಸೌಟಿನ ತುಂಬ ಒಗ್ಗರಣೆ ಹಿಡಿದು ನಿಂತಿದ್ದರು. ಹೆಂಡತಿ ಶಾಂತಮ್ಮ ಬಾಗಿಲಲ್ಲಿ ತಲೆ ತಗ್ಗಿಸಿದ್ದರು.

"ಅಜ್ಜಿ, ನಿಮಗೆ ಮಗನ ಜೀವ ಬೇಕೋ, ರುಚಿ ಬೇಕೋ?"

"ರುಚಿಗೆ ಹಾಕ್ತೀನಾ ಕಣಮ್ಮ? ಒಗ್ಗರಣೆ ಇಲ್ಲದ ಸಾರು ಸಾವಾದ ಮನೇಲಿ ಮಾಡೋದು. ಮಗ ಎದುರಿಗೆ ಕೂತಿರುವಾಗ ಅದನ್ನ ಹೆಂಗೆ ಬಡಿಸ್ಲಿ?"

ನಮ್ಮ ಮನೆಯಲ್ಲೂ ಸೂತಕ ಕಳೆಯುವವರೆಗೆ ಒಗ್ಗರಣೆ ಹಾಕುವುದಿಲ್ಲ. ನನ್ನ ಕೋಪವೆಲ್ಲ ಅಲ್ಲೇ ಇಳಿಯಿತು. ಕೊನೆಗೆ ಒಂದು ಟೀ ಚಮಚ ಎಣ್ಣೆಗೆ ರಾಜಿಯಾದೆವು.

"ನಾಲ್ಕು ಕಾಳು ಸಾಸಿವೆ ಸಿಡಿದ್ರೆ ಆಯ್ತಲ್ಲ ಅಜ್ಜಿ?"

"ಆಯ್ತು. ಆ ಸದ್ದು ಕಿವಿಗೆ ಬಿದ್ರೆ ಸಾಕು."

ಅಲ್ಲಿಂದ ತೂಕ ಇಳಿಯತೊಡಗಿತು. ಹಾಲಮ್ಮನೇ ಮುಂದೆ ನಿಂತು ಮುದ್ದೆ ಅಳೆದು ಕೊಡುತ್ತಿದ್ದರಂತೆ. ನೂರಾ ಒಂದಕ್ಕೆ ಬಂದಾಗ ಗೌಡರು, "ಪ್ಯಾಂಟು ಜಾರ್ತಿದೆ ಮೇಡಂ, ಸರ್ಜನ್‌ಗೆ ರೆಡಿಯಾಗೋಕೆ ಹೇಳಿ" ಎಂದು ಹುಡುಗನಂತೆ ಹಿಗ್ಗಿದರು. ಇನ್ನು ಆರೇ ಕೆ.ಜಿ. ಬಾಕಿ ಇತ್ತು.

ಮರುವಾರವೇ ಕಾರ್ಖಾನೆಯಲ್ಲಿ ಹೊಟ್ಟೆನೋವು, ವಾಂತಿ. ಗ್ಯಾಸ್ ಎಂದುಕೊಂಡು ಸೋಡಾ ಕುಡಿದು ಮಲಗಿದರಂತೆ. ಶಿವಮೊಗ್ಗಕ್ಕೆ ತರುವಷ್ಟರಲ್ಲಿ ಸಿಕ್ಕಿಹಾಕಿಕೊಂಡಿದ್ದ ಕರುಳು ರಕ್ತವಿಲ್ಲದೆ ಕಪ್ಪಾಗಿತ್ತು. ಯಾವ ತೂಕದಲ್ಲಿ ಮುಟ್ಟುವುದಿಲ್ಲ ಎಂದಿದ್ದರೋ ಹೆಚ್ಚುಕಡಿಮೆ ಅದೇ ತೂಕದಲ್ಲಿ ಆಪರೇಷನ್ ಮಾಡಬೇಕಾಯಿತು. ಗೌಡರು ಉಳಿಯಲಿಲ್ಲ.

ಸೂತಕದ ದಿನಗಳಲ್ಲೇ ಅವರ ಮನೆಗೆ ಹೋದೆ. ಒಲೆಯ ಮೇಲೆ ಹುರುಳಿಕಾಳಿನ ಸಾರು ಕುದಿಯುತ್ತಿತ್ತು. ಹಾಲಮ್ಮ ಅಳಲಿಲ್ಲ. ನನ್ನನ್ನು ನೋಡಿ ಮೆಲ್ಲಗೆ ಹೇಳಿದರು:

"ಇವತ್ತು ನೀನು ಮೊದಲು ಹೇಳಿದ್ದಂಗೇ ಮಾಡಿದೀವಿ ಕಣಮ್ಮ. ಎಣ್ಣೆ ಮುಟ್ಟಿಲ್ಲ."

ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಬಸ್ಸಿನಲ್ಲಿ ಶಿವಮೊಗ್ಗ ಬರುವವರೆಗೂ ಅತ್ತೆ.

ಆಮೇಲೂ ಬಹಳ ವರ್ಷ ಇದೇ ಕೆಲಸ ಮಾಡಿದೆ. ಯಾರಿಗೇ ಆಗಲಿ ಒಂದು ಪದಾರ್ಥವನ್ನು ಬಿಡಿ ಎನ್ನುವ ಮೊದಲು, ನಿಮ್ಮ ಮನೆಯಲ್ಲಿ ಅದನ್ನು ಯಾವಾಗ ಬಿಡುತ್ತೀರಿ ಎಂದು ಕೇಳುವುದನ್ನು ಕಲಿತೆ. ಕೇಳಿ, ತಿಳಿದು, ದಾರಿ ಹುಡುಕಿದ ಮೇಲೂ ಕೆಲವೊಮ್ಮೆ ಹೊತ್ತು ಮೀರಿರುತ್ತದೆ. ಅದಕ್ಕೆ ನನ್ನ ಬಳಿ ಯಾವ ಪಥ್ಯವೂ ಇಲ್ಲ.