ಖಾಲಿ ಲಾರಿಯಲ್ಲಿ ಬೆಳಂಬಾರದಿಂದ ಕಾರವಾರಕ್ಕೆ

ಬೆಳಿಗ್ಗೆ ಐದಕ್ಕೆ ಎದ್ದು ಅಂಗಳ ಗುಡಿಸಿದೆ. ಬಾವಿಯಿಂದ ಎಂಟು ಕೊಡ ನೀರು ಸೇದಿದೆ. ಎಮ್ಮೆಗೆ ಅಕ್ಕಚ್ಚು ಇಟ್ಟೆ, ಕೆಂಪಕ್ಕಿ ಅನ್ನ ಬಸಿದೆ, ಬಂಗಡೆ ಸಾರು ಕುದಿಸಿ ಡಬ್ಬಿಗೆ ತುಂಬಿದೆ. ನಮ್ಮ ಮರದ ಇಶಾಡು ಮಾವಿನಹಣ್ಣು ಮೂವತ್ತು ಆರಿಸಿ, ಹುಲ್ಲು ಹಾಸಿದ ಬುಟ್ಟಿಯಲ್ಲಿಟ್ಟೆ. ಆಮೇಲೆ ತಲೆ ಬಾಚಿ, ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆ ಉಟ್ಟು, ಮದುವೆಯಾಗಿ ಇಪ್ಪತ್ತೊಂದು ವರ್ಷಕ್ಕೆ ಮೊದಲ ಸಲ ಗಂಡನ ಲಾರಿ ಹತ್ತಲು ಹೊರಟೆ.

ಲಾರಿ ನಮ್ಮದಲ್ಲ, ಕಂಪನಿಯದು, ಹತ್ತು ಚಕ್ರದ್ದು. ಕಾರವಾರದ ಬಂದರಿನಲ್ಲಿ ಲೋಡು ಸಿಗುವವರೆಗೆ ಎರಡು ಮೂರು ದಿನ ಕಾಯುವುದುಂಟು. ಲಾರಿ ಬಿಟ್ಟು ಬರುವ ಹಾಗಿಲ್ಲ. ಮನೆ ಒಂದು ತಾಸಿನ ದಾರಿಯಲ್ಲಿದ್ದರೂ ನಮ್ಮನೆಯವರು ಕ್ಯಾಬಿನ್ನಿನಲ್ಲೇ ಮಲಗುತ್ತಿದ್ದರು. ಈ ಬೇಸಿಗೆಯಲ್ಲಿ ಕಂಪನಿ ಹೊಸ ನಿಯಮ ಮಾಡಿತು: ಬಿಡುವಿನ ದಿನ ಚಾಲಕ ಲಾರಿಯನ್ನು ಮನೆಗೆ ಒಯ್ಯಬಹುದು. ಆದರೆ ಹೋಗುವಾಗಲೂ ಬರುವಾಗಲೂ ಗಾಡಿ ಖಾಲಿ ಇರಬೇಕು, ಒಂದು ತೆಂಗಿನಕಾಯಿಯನ್ನೂ ಸಾಗಿಸುವಂತಿಲ್ಲ. ಮೊದಲೇ ಚೀಟಿ ಬರೆಸಿದರೆ ಮನೆಯ ಒಬ್ಬರು ಮುಂದೆ ಕೂರಬಹುದು. ಮೂರು ತಿಂಗಳು ನೋಡುತ್ತಾರಂತೆ; ಒಬ್ಬ ಚಾಲಕ ತಪ್ಪಿದರೂ ಎಲ್ಲರಿಗೂ ಬಂದ್. ಅವತ್ತಿನ ಚೀಟಿಯಲ್ಲಿ ನನ್ನ ಹೆಸರಿತ್ತು, ಸಂಜೆ ನಾಲ್ಕರವರೆಗೆ.

ನಮ್ಮೂರಲ್ಲಿ ಖಾಲಿ ಗಾಡಿಯನ್ನು ಯಾರೂ ಖಾಲಿ ಹೋಗಲು ಬಿಡುವುದಿಲ್ಲ. ಪಕ್ಕದ ಮನೆಯ ಬೊಮ್ಮಯ್ಯ ಮಾವ ತಲೆಯ ಮೇಲೆ ಒಂದು ಮಂಚ ಹೊತ್ತು ಲಾರಿಯ ಹತ್ತಿರ ನಿಂತಿದ್ದರು. ಅವರ ಮಗಳ ಮನೆ ಕಾರವಾರದಲ್ಲಿ, ನಾನು ಹೊರಟಿದ್ದ ಅಕ್ಕನ ಮನೆಯ ಕೇರಿಯಲ್ಲೇ.

“ಆಗೂದಿಲ್ಲ ಮಾವ,” ಅಂದರು ನಮ್ಮನೆಯವರು.

“ಹತ್ತು ಚಕ್ರ ಉಂಟು, ನಾಲ್ಕು ಕಾಲಿಗೆ ಜಾಗ ಇಲ್ವಾ?”

“ಜಾಗ ಉಂಟು, ಬಿಲ್ಲಿಲ್ಲ. ಬಿಲ್ಲಿಲ್ಲದ ಸಾಮಾನಿದ್ದು ದಾರೀಲಿ ಎಂತಾದ್ರೂ ಆದ್ರೆ ವಿಮೆಯೂ ಇಲ್ಲ, ನನ್ನ ಕೆಲ್ಸಾನೂ ಇಲ್ಲ.”

“ಹೆಂಡ್ತಿಗೆ ಬಿಲ್ಲುಂಟಾ?”

“ಅವ್ಳಿಗೆ ಚೀಟಿ ಉಂಟು.”

“ಮಂಚ ಮನೇಲೇ ಇರ್ಲಿ, ನಾ ಬಸ್ಸಿಗೇ ಹೋಗ್ತೆ. ಬಸ್ಸಿನವ ನಿನ್ನಷ್ಟು ದೊಡ್ಡ ಮನುಷ್ಯ ಅಲ್ಲ,” ಎಂದು ಮಾವ ಮಂಚವನ್ನು ಮನೆಗೆ ವಾಪಸ್ ಹೊತ್ತರು.

ಅಷ್ಟರಲ್ಲಿ ನಾನು ಬುಟ್ಟಿಯನ್ನು ಸೀಟಿನ ಹಿಂದಿನ ಮಲಗುವ ಹಲಗೆಯ ಮೇಲೆ ಕಂಬಳಿಯ ಮರೆಗೆ ಇಟ್ಟಾಗಿತ್ತು. ಸಾಮಾನೆಂದರೆ ಬೇರೆಯವರು ಕೊಟ್ಟದ್ದು ಎಂದು ನನ್ನ ಲೆಕ್ಕ. ಅಕ್ಕನ ಮನೆಗೆ ಹೋಗುವವಳ ಕೈಯಲ್ಲಿ ಹಣ್ಣಿದ್ದರೆ ಅದು ಸಾಮಾನು ಹೇಗಾಗುತ್ತದೆ?

ಹತ್ತಿ ಕೂತು ಕಿಟಕಿಯಿಂದ ಇಣುಕಿದೆ. ನಮ್ಮ ಮನೆಯ ಹಂಚು, ಅದರ ಮೇಲೆ ಕಳೆದ ವರ್ಷ ಕಳೆದುಹೋದ ಚೆಂಡು, ಎಲ್ಲ ಕೆಳಗೆ ಕಾಣುತ್ತಿತ್ತು. ಅಂಕೋಲೆಯ ಪೇಟೆಯಲ್ಲಿ ಸ್ಕೂಟರಿನವರು ಇರುವೆಗಳ ಹಾಗೆ ಓಡುತ್ತಿದ್ದರು. ಇವರು ಎರಡೂ ಕನ್ನಡಿ ನೋಡುತ್ತ, ಒಬ್ಬರಿಗೂ ತಾಗದ ಹಾಗೆ ಅಷ್ಟು ದೊಡ್ಡ ಗಾಡಿಯನ್ನು ತಿರುಗಿಸಿದರು. ಮನೆಯಲ್ಲಿ ಲೋಟ ಹುಡುಕಲು ಬಾರದ ಮನುಷ್ಯ ಇವರೇನಾ ಅನ್ನಿಸಿತು.

ಹಟ್ಟಿಕೇರಿ ಟೋಲ್ ದಾಟಿ ಅವರ್ಸಾ ಹತ್ತಿರ ಬಂದಾಗ ನೀರಿನ ಬಾಟಲಿಗೆಂದು ಅವರು ಹಿಂದಕ್ಕೆ ಕೈ ಹಾಕಿದರು. ಕೈಗೆ ಹುಲ್ಲು ಸಿಕ್ಕಿತು. ಲಾರಿ ರಸ್ತೆಯ ಬದಿಗೆ ಬಂದು ನಿಂತಿತು.

“ಇದೆಂತ?”

“ಮಾವಿನಹಣ್ಣು. ಅಕ್ಕನಿಗೆ.”

ಅವರು ಬೈಯಲಿಲ್ಲ. ಎಂಜಿನ್ ಬಂದ್ ಮಾಡಿದರು. ಗಾಡಿ ಎಲ್ಲಿದೆಯೆಂದು ಆಫೀಸಿಗೆ ತಿಳಿಸುವ ಯಂತ್ರದ ಕೆಂಪು ದೀಪ ಎದುರಿಗೆ ಮಿನುಗುತ್ತಿತ್ತು.

“ಅದಕ್ಕೆ ಬುಟ್ಟಿ ಕಾಣ್ತದಾ?” ಕೇಳಿದೆ.

“ಕಾಣೂದಿಲ್ಲ. ನಂಗೆ ಕಂಡ್ತಲ್ಲ. ಬುಟ್ಟಿ ಇಳೀಬೇಕು.”

“ಅಕ್ಕನ ಮನೆಗೆ ಬರಿಗೈಲಿ ಹೋಗೂದಾ? ಬುಟ್ಟಿ ಇಳಿದ್ರೆ ನಾನೂ ಇಳೀತೆ.”

“ಇಳಿ. ಹೆಂಗಸ್ರಿಗೆ ಬಸ್ಸು ಪುಕ್ಕಟೆ.” ಆಮೇಲೆ ನನ್ನ ಕಡೆ ತಿರುಗಿ ಅಂದರು, “ಮುಂದಿನ ರಸ್ತೆಯನ್ನ ಈ ಸೀಟಿಂದ ನಿಂಗೆ ತೋರ್ಸೂಕೆ ಅಂತ ಆ ಚೀಟಿ ಬರ್ಸಿದ್ದು ಮಾರಾಯ್ತಿ.”

ನಾನು ಇಳಿಯಲಿಲ್ಲ. ಬಸ್ಸಿನಲ್ಲಿದ್ದ ಬೊಮ್ಮಯ್ಯ ಮಾವನಿಗೆ ಫೋನ್ ಮಾಡಿದೆವು. ಸುಡುಬಿಸಿಲಲ್ಲಿ ನಲವತ್ತು ನಿಮಿಷ ಕಾದ ಮೇಲೆ ಬಸ್ಸು ಬಂತು; ಕಿಟಕಿಯಿಂದ ಮಾವನ ತಲೆ ಹೊರಗೆ ಬಂತು.

“ನನ್ನ ಮಂಚ ಆಗೂದಿಲ್ಲ, ನಿಮ್ಮ ಮಾವು ಆಗ್ತದಾ?”

“ಅದೂ ಆಗೂದಿಲ್ಲ ಮಾವ. ಅದಕ್ಕೇ ನಿಮ್ಮನ್ನ ಕರ್ದದ್ದು.”

ಮಾವ ಇವರ ಮುಖ ನೋಡಿದರು, ನನ್ನ ಮುಖ ನೋಡಿದರು, ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡರು. “ನಾಲ್ಕು ಹಣ್ಣು ನಂದು. ಮೊದ್ಲೇ ಹೇಳ್ತೆ.”

ಅವರ್ಸಾದಿಂದ ಮುಂದೆ ಅಮದಳ್ಳಿ, ಅರ್ಗಾ, ಬಿಣಗಾ. ಆಮೇಲೆ ಸುರಂಗ. ಒಳಗೆ ನಮ್ಮ ಲಾರಿಯ ಸದ್ದೇ ಗೋಡೆಗೆ ಬಡಿದು, ಹಿಂದಿನಿಂದ ಇನ್ನೊಂದು ಲಾರಿ ಅಟ್ಟಿಸಿಕೊಂಡು ಬಂದ ಹಾಗೆ ಕೇಳಿಸಿತು. ನಾನು ಕಣ್ಣು ಮುಚ್ಚಿದೆ. “ಈಗ ಬಿಡು ಕಣ್ಣು,” ಅಂದರು.

ಕಡಲು! ನಾನು ಕಡಲ ದಂಡೆಯಲ್ಲೇ ಹುಟ್ಟಿದವಳು. ಆದರೆ ಇಷ್ಟು ವರ್ಷ ಕಂಡದ್ದು ಮರಳಿನಲ್ಲಿ ನಿಂತು, ಅಲೆ ಎದುರಿಗೆ ಎದ್ದು ಬರುವ ಕಡಲು. ಇಲ್ಲಿ ಅದು ಕೆಳಗೆ ಸದ್ದಿಲ್ಲದೆ ಹರಡಿಕೊಂಡಿತ್ತು, ಕೊನೆಯೇ ಇಲ್ಲ. ನಡುಗಡ್ಡೆಗಳು ದೂರದಲ್ಲಿ ಎಮ್ಮೆಗಳ ಹಾಗೆ ಬೆನ್ನು ಮಾತ್ರ ತೋರಿಸಿ ಮುಳುಗಿದ್ದವು. ಬಂದರಿನ ದೊಡ್ಡ ಹಡಗು ಅದರ ಮುಂದೆ ಏನೂ ಅಲ್ಲ. ನನಗೆ ಅಳು ಬಂತು, ಏಕೆಂದು ಗೊತ್ತಿಲ್ಲ.

“ದಿನಾ ಕಾಣ್ತೆ,” ಅಂದರು ಅವರು. “ಯಾರಿಗೂ ತೋರ್ಸೂಕೆ ಆಗಿರ್ಲಿಲ್ಲ.”

ಲಾರಿ ನಿಲ್ಲುವ ಬಯಲಿನ ಗೇಟಿನಲ್ಲಿ ಕಂಪನಿಯ ಗುಮಾಸ್ತ ಕ್ಯಾಬಿನ್ ಇಣುಕಿದ. ಹಲಗೆಯ ಮೇಲೆ ನಾಲ್ಕು ಎಳೆ ಹುಲ್ಲು ಬಿದ್ದಿತ್ತು. ನಾವು ಎಮ್ಮೆ ಸಾಕಿದವರು, ಸೀರೆಗೆ ಅಂಟಿ ಬಂದದ್ದು ಎಂದು ನಾನು ಹೇಳುವವಳಿದ್ದೆ. ಅಷ್ಟರಲ್ಲಿ ಇವರೇ ಎಲ್ಲವನ್ನೂ ಹೇಳಿಬಿಟ್ಟರು, ಹಣ್ಣಿನ ಲೆಕ್ಕದ ಸಮೇತ.

ಗುಮಾಸ್ತ ಆಫೀಸಿಗೆ ಫೋನ್ ಮಾಡಿ ದೂರ ಹೋಗಿ ಮಾತಾಡಿದ. ಒಂದು ಬುಟ್ಟಿಗೋಸ್ಕರ ಇವರು ಮತ್ತೆ ಇಲ್ಲೇ ಮಲಗಬೇಕಾಗುತ್ತದೆ, ಇವರೊಬ್ಬರೇ ಅಲ್ಲ, ಎಲ್ಲ ಚಾಲಕರೂ.

ಅವನು ವಾಪಸ್ ಬಂದ. “ಅಕ್ಕಾ, ಇನ್ನು ಮುಂದೆ ನಿಮ್ಮ ಹೆಸರಿಗೆ ಚೀಟಿ ಇಲ್ಲ. ಇವತ್ತಿಗೇ ಕೊನೆ.”

“ಗಾಡಿ?”

“ಗಾಡಿ ಅವ್ರು ಮನೆಗೆ ಒಯ್ಬಹುದು. ದಾರೀಲೇ ಇಳಿಸಿದ್ರಲ್ಲ, ಕೇಳದೆ ಹೇಳಿದ್ರಲ್ಲ, ಅದಕ್ಕೆ.”

ಬಾದಾಮಿ ಮರದ ನೆರಳಿನಲ್ಲಿ ಲಾರಿ ನಿಲ್ಲಿಸಿದರು. ಚೀಟಿಗೆ ಇನ್ನೂ ಎರಡೂವರೆ ತಾಸು ಬಾಕಿ ಇತ್ತು; ಅಕ್ಕನ ಮನೆಗೆ ನಾಲ್ಕರ ಮೇಲೆ ಹೋದರಾಯಿತು. ಡಬ್ಬಿ ಬಿಚ್ಚಿ ಕೆಂಪಕ್ಕಿ ಅನ್ನ, ಬಂಗಡೆ ಸಾರು ಉಂಡೆವು. ಸಾರು ಆರಿ ಇನ್ನೂ ರುಚಿಯಾಗಿತ್ತು. ಆಮೇಲೆ ನಾನು ಅವರು ಮಲಗುವ ಹಲಗೆಯ ಮೇಲೆ ಮೈ ಚಾಚಿದೆ. ಕಾಲು ಗೋಡೆಗೆ ತಾಗಿತು.

“ಇಷ್ಟು ವರ್ಷ ಇಲ್ಲೇ ಮಲ್ಗಿದ್ದಾ?”

“ಮೂಲೆಯಿಂದ ಮೂಲೆಗೆ ಮಲ್ಗು, ಹಿಡೀತದೆ.”

ಹಾಗೆ ಮಲಗಿದೆ, ಹಿಡಿಯಿತು. ಅವರು ಸ್ಟಿಯರಿಂಗಿನ ಮೇಲೆ ಕೈಯಿಟ್ಟು ಎಚ್ಚರ ಕೂತಿದ್ದರು. ಮೊದಲು ನಿದ್ದೆ ಹೋದವಳು ನಾನೇ.